ಪೂರ್ವಜ್ಞಾನ: ಶೂನ್ಯ

೧೯೯೩ರ ಜೂನ್‌ನಿಂದ ೨೦೦೧ರ ಆಗಸ್ಟ್‌ವರೆಗೆ ಪುಣೆಯ ನಮ್ಮ ಶಿಕ್ಷಣಶಾಸ್ತ್ರ ವಿಭಾಗದಲ್ಲಿ ಕನ್ನಡದ ನಾಲ್ಕುನೂರ ಎಂಬತ್ತು ಅಭ್ಯಾಸಪಾಠಗಳು ನಡೆದವು. ನಾಲ್ಕುನೂರ ಎಂಬತ್ತೂ ಒಂದೇ ಪಾಠ. ಪಾಠದ ಹೆಸರು ‘ಗರಗಸ’. ಇಪ್ಪತ್ತು ಜನ ಕಲಿಕಾರ್ಥಿಗಳು ಅದನ್ನು ನಾಲ್ಕುನೂರ ಎಂಬತ್ತು ಸಲವೂ ಮೊದಲ ಸಲವೇ ಕಲಿತರು. ಪರಶಿವನ ಕೃಪೆಯಿಂದ ಒಂದು ಪಾಠವೂ ವಿಫಲವಾಗಲಿಲ್ಲ. ದಾಖಲೆ ನನ್ನ ಕಪಾಟಿನಲ್ಲಿದೆ, ಯಾರು ಬೇಕಾದರೂ ಅರ್ಜಿ ಕೊಟ್ಟು ನೋಡಬಹುದು.

ನಾನು ನಿಜಲಿಂಗಪ್ಪ, ಆ ವಿಭಾಗದ ಗುಮಾಸ್ತ. ಊರು ವಿಜಾಪುರದ ಕಡೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು, ಬೆರಳಲ್ಲಿ ಉಳಿದದ್ದನ್ನು ಹಾಜರಿಪಟ್ಟಿಯ ರಟ್ಟಿಗೂ ಹಚ್ಚುವುದು ನನ್ನ ಪದ್ಧತಿ. ವಿದ್ಯೆಯ ಮನೆಯಲ್ಲಿ ಕುರ್ಚಿ ಸಿಗುವುದು ಸಣ್ಣ ಪುಣ್ಯವಲ್ಲ.

ಓದುಗರು ಮೊದಲೇ ಒಂದು ವಿಷಯ ತಿಳಿದುಕೊಂಡರೆ ಒಳ್ಳೆಯದು. ನಮ್ಮದು ಶಾಲೆಯಲ್ಲ. ಒಂದು ದಿನ ಖಡಕಿಯಿಂದ ನಿವೃತ್ತ ಹವಾಲ್ದಾರರೊಬ್ಬರು ಬಂದು, “ಶಿಕ್ಷಣ ವಿಭಾಗ ಅಂತ ಬೋರ್ಡ್ ಅದ, ನಮ್ಮ ಮನೆಯಾಕಿಗೆ ನಾಲ್ಕು ಅಕ್ಷರ ಕಲಿಸ್ತೀರೇನ್ರಿ?” ಎಂದು ಕೇಳಿದರು. ವಿಭಾಗ ಪ್ರಮುಖರಾದ ಡಾಕ್ಟರ್ ಬಿಂದುಮಾಧವ ಅವರು ಬೇಸರ ಮಾಡಿಕೊಳ್ಳದೆ ಅವರನ್ನು ಕೂರಿಸಿ, ಚಹಾ ಕೊಡಿಸಿ ತಿಳಿಸಿ ಹೇಳಿದರು: “ನೋಡ್ರಿ, ಕಲಿಸೋದು ಮಾಸ್ತರ ಕೆಲಸ. ಕಲಿಸೋದರ ಬಗ್ಗೆ ಕಲಿಯೋದು ಶಾಸ್ತ್ರ. ಇಲ್ಲಿ ಶಾಸ್ತ್ರ ಅದ. ಕಲಿಸೋದು ಇಲ್ಲ.” ಹವಾಲ್ದಾರರು ಎದ್ದು ನಿಂತು ಸೆಲ್ಯೂಟ್ ಹೊಡೆದು ಹೋದರು. ಅಷ್ಟು ಸ್ಪಷ್ಟವಾಗಿ ಅವರಿಗೆ ಯಾರೂ ಏನನ್ನೂ ಹೇಳಿರಲಿಲ್ಲವಂತೆ.

ಆದರೂ ವಿದ್ಯಾಪೀಠದ ನಿಯಮಕ್ಕೆ ತಲೆಬಾಗಲೇಬೇಕು. ಬಿ.ಎಡ್.ಗೆ ವಯಸ್ಕರ ಶಿಕ್ಷಣವನ್ನು ಕನ್ನಡದಲ್ಲಿ ವಿಶೇಷ ವಿಷಯವಾಗಿ ತೆಗೆದುಕೊಂಡ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಇಪ್ಪತ್ತು ಪಾಠ ಕೊಡಬೇಕು. ಕೇಳಲು ಓದುಬರಹ ಬಾರದ ಇಪ್ಪತ್ತು ವಯಸ್ಕರು ಎದುರಿಗೆ ಕೂತಿರಬೇಕು. ಇಪ್ಪತ್ತು ಜನರನ್ನು ಹುಡುಕಿ ತರುವ ಸೇವೆ ನನ್ನ ಪಾಲಿಗೆ ಬಂತು. ನಾನು ಬಿಬವೇವಾಡಿಯ ಗುಡ್ಡದ ಮಗ್ಗುಲಿಗೆ ಹೋದೆ. ಅಲ್ಲಿ ಯಾದಗಿರಿ, ಶಹಾಪುರದ ಕಡೆಯಿಂದ ಬಂದ ನಮ್ಮ ಜನ ತಗಡಿನ ಶೆಡ್ಡು ಹಾಕಿಕೊಂಡು ಕಟ್ಟಡದ ಕೆಲಸ ಮಾಡುತ್ತಿದ್ದರು. ಗುರುವಾರ ಆ ಭಾಗಕ್ಕೆ ಕರೆಂಟಿನ ರಜೆ, ಗುತ್ತೇದಾರನ ಮಿಕ್ಸರ್ ತಿರುಗುತ್ತಿರಲಿಲ್ಲ. ಗುರುವಾರ ಗುರುವಿನ ವಾರ. ಇದನ್ನು ಕೂಡಿಸಿದವರು ಯಾರು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಪ್ರತಿ ಗುರುವಾರ ಇಪ್ಪತ್ತು ಜನ ಬಂದು ಬೆಂಚಿನ ಮೇಲೆ ಕೂರತೊಡಗಿದರು. ದಿನಕ್ಕೆ ಎರಡು ಪಾಠ, ನಡುವೆ ಚಹಾ, ಚುರುಮುರಿ. ಫ್ಯಾನಿನ ಕೆಳಗೆ ಕೂತಿರುವುದೇ ಒಂದು ಕೆಲಸ ಎಂದು ತಿಳಿದಾಗ ಅವರಿಗೆ ಮೊದಲು ಮೋಸವೇನೋ ಎಂದು ಅನುಮಾನ ಬಂದಿತ್ತು. ಆಮೇಲೆ ರೂಢಿಯಾಯಿತು.

ಪಾಠದ ಸ್ವರೂಪ ಹೀಗೆ. ಪ್ರಶಿಕ್ಷಣಾರ್ಥಿ ಮೊದಲೇ ಪಾಠವನ್ನು ಬರೆದು ತರಬೇಕು. ಇಲ್ಲಿ ಅದಕ್ಕೆ ಪಾಠಟಾಚಣ ಎನ್ನುತ್ತಾರೆ. ಹಾಳೆಯ ನೆತ್ತಿಯ ಮೇಲೆ ‘ಪೂರ್ವಜ್ಞಾನ: ಶೂನ್ಯ’ ಎಂದು ಬರೆಯುವುದು. ಕೆಳಗೆ ಎಡಗಡೆ ಶಿಕ್ಷಕರು ಏನು ಮಾಡುವರು, ಬಲಗಡೆ ಕಲಿಕಾರ್ಥಿಗಳು ಏನು ಮಾಡುವರು. ಎಡಗಡೆ: ‘ಶಿಕ್ಷಕರು ಚೀಲದಿಂದ ಗರಗಸವನ್ನು ತೆಗೆಯುವರು.’ ಬಲಗಡೆ: ‘ಕಲಿಕಾರ್ಥಿಗಳು ಬೆರಗಿನಿಂದ ನೋಡುವರು.’ ಎಡಗಡೆ: ‘ಇದೇನು?’ ಬಲಗಡೆ: ‘ಇದು ಗರಗಸ.’ ಹೀಗೆ ಗರಗಸದಿಂದ ಗ, ರ, ಸ ಬಿಡಿಸಿ, ದ ಮತ್ತು ಅ ಸೇರಿಸಿ, ಒಟ್ಟು ಐದು ಅಕ್ಷರಕ್ಕೆ ಮುಗಿಸುವುದು. ಬಲಗಡೆ ಬರೆದ ಉತ್ತರವೇ ಬರಬೇಕು. ಬೇರೆ ಬಂದರೆ ಅರ್ಧ ಅಂಕ ಕಡಿತ.

ಮೊದಲ ವರ್ಷ ಸ್ವಲ್ಪ ತೊಂದರೆಯಾದದ್ದು ನಿಜ. ಕಲಿಕಾರ್ಥಿಗಳಲ್ಲಿ ಭೀಮಣ್ಣ ಎಂಬವನು ಸೆಂಟ್ರಿಂಗ್ ಕೆಲಸದವನು, ಹುಟ್ಟಿದಾಗಿನಿಂದ ಕಟ್ಟಿಗೆ ಕೊಯ್ದವನು. ಗರಗಸ ತೋರಿಸಿ “ಇದೇನು?” ಎಂದರೆ ಅವನು ಎದ್ದು ಬಂದು, ಅದನ್ನು ಕೈಗೆ ತೆಗೆದುಕೊಂಡು, ಹಲ್ಲಿನ ಮೇಲೆ ಹೆಬ್ಬೆರಳಾಡಿಸಿ, “ಇದನ್ನ ಎಲ್ಲಿ ತಂದ್ರಿ? ಹಲ್ಲು ಎಲ್ಲಾ ಬೋಳ ಆಗ್ಯಾವ. ಇದರಲ್ಲೆ ಬದನಿಕಾಯಿ ಸುದ್ದಾ ಕೊಯ್ಯಲಿಕ್ಕೆ ಆಗೂದಿಲ್ಲ” ಎನ್ನುತ್ತಿದ್ದ. ಬಲಗಡೆ ಇದು ಇರಲಿಲ್ಲ. ಅರ್ಧ ಅಂಕ ಹೋಯಿತು.

ಅದಕ್ಕಿಂತ ಗಂಭೀರವಾದ ತೊಂದರೆ ಹನ್ನೆರಡನೆಯ ಪಾಠದಲ್ಲಿ ಕಾಣಿಸಿತು. ಪ್ರಶಿಕ್ಷಣಾರ್ಥಿ ಇನ್ನೂ ಚೀಲಕ್ಕೆ ಕೈಹಾಕುತ್ತಿರುವಾಗಲೇ ಇಪ್ಪತ್ತು ಜನ ಒಕ್ಕೊರಲಿಂದ “ಇದು ಗರಗಸ” ಎಂದರು. ಡಾಕ್ಟರ್ ಬಿಂದುಮಾಧವ ಹಿಂದಿನ ಬೆಂಚಿನಿಂದ ಎದ್ದು ನಿಂತುಬಿಟ್ಟರು. ಮುಖ ಬಿಳಿಚಿತ್ತು.

“ನಿಜಲಿಂಗಪ್ಪ, ಇವರು ಕಲಿತುಬಿಟ್ಟಾರ!”

“ಹೌದ್ರಿ ಸಾಹೇಬ್ರ. ಶಿವನ ದಯಾ.”

“ದಯಾ ಎಲ್ಲಿಂದರಿ! ಪೂರ್ವಜ್ಞಾನ ಕೆಟ್ಟು ಹೋತು. ಇನ್ನ ಮುಂದಿನ ವಾರ ಬರೋ ಪ್ರಶಿಕ್ಷಣಾರ್ಥಿ ಏನು ಕಲಿಸಬೇಕು?”

ಮರುದಿನ ಈ ಕೆಳಗಿನ ಪ್ರಕಟಣೆ ಫಲಕಕ್ಕೆ ಬಂತು. ಕರಡು ಅವರದು, ಬೆರಳಚ್ಚು ನನ್ನದು.

“ಅಭ್ಯಾಸಪಾಠದ ಕಲಿಕಾರ್ಥಿಗಳಿಗೆ ತಿಳಿಸುವುದೇನೆಂದರೆ, ಒಂದು ಪಾಠದಲ್ಲಿ ಕಲಿತದ್ದನ್ನು ಮುಂದಿನ ಪಾಠದೊಳಗಾಗಿ ಮರೆತಿರತಕ್ಕದ್ದು. ಮರೆಯಲು ಅನುಕೂಲವಾಗುವಂತೆ ಎರಡು ಪಾಠಗಳ ನಡುವೆ ಚಹಾಸಹಿತ ಇಪ್ಪತ್ತು ನಿಮಿಷಗಳ ಮರೆವಿನ ವಿರಾಮ ಕೊಡಲಾಗುವುದು. ಇಪ್ಪತ್ತು ನಿಮಿಷಗಳಲ್ಲಿ ಮರೆಯಲಾಗದವರು ಹಾಗೆಂದು ಲಿಖಿತವಾಗಿ ತಿಳಿಸತಕ್ಕದ್ದು.”

ಎಂಟು ವರ್ಷಗಳಲ್ಲಿ ಯಾರೂ ಲಿಖಿತವಾಗಿ ತಿಳಿಸಲಿಲ್ಲ. ಆದ್ದರಿಂದ ಎಲ್ಲರೂ ಮರೆಯುತ್ತಿದ್ದಾರೆ ಎಂದು ನಾವು ವಾರ್ಷಿಕ ವರದಿಯಲ್ಲಿ ನಮೂದಿಸಿದೆವು.

ಭೀಮಣ್ಣನಂತೂ ಈ ವಿದ್ಯೆಯಲ್ಲಿ ಎಲ್ಲರನ್ನೂ ಮೀರಿಸಿದ. ಚಹಾ ಕುಡಿದು ಬಂದರೆ ಗರಗಸವನ್ನಷ್ಟೇ ಅಲ್ಲ, ಗರಗಸ ತಂದವರನ್ನೂ ಗುರುತಿಸುತ್ತಿರಲಿಲ್ಲ. ೧೯೯೮ರಲ್ಲಿ ಅವನಿಗೆ ಆದರ್ಶ ಕಲಿಕಾರ್ಥಿ ಎಂದು ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು. “ಐದು ವರ್ಷದ ನಿರಂತರ ಪರಿಶ್ರಮದ ನಂತರವೂ ಇವರ ಪೂರ್ವಜ್ಞಾನಕ್ಕೆ ಧಕ್ಕೆ ಬಂದಿಲ್ಲ” ಎಂದು ಡಾಕ್ಟರ್ ಬಿಂದುಮಾಧವ ಭಾಷಣದಲ್ಲಿ ಹೇಳಿದಾಗ ಭೀಮಣ್ಣ ಕಣ್ಣು ಒರೆಸಿಕೊಂಡ.

ಎರಡನೆಯ ಪಾಠ ಯಾಕಿಲ್ಲ ಎಂದು ಕೆಲವರು ಕೇಳಬಹುದು. ಪ್ರಸ್ತಾವ ೧೯೯೪ರಲ್ಲೇ ಅಭ್ಯಾಸ ಮಂಡಳಿಗೆ ಹೋಗಿದೆ. ಮಂಡಳಿಯ ಪ್ರಶ್ನೆಯೂ ನ್ಯಾಯವಾದದ್ದೇ: ಎರಡನೆಯ ಪಾಠಕ್ಕೆ ಕೂರುವವರಿಗೆ ಮೊದಲನೆಯದು ಬರುತ್ತದೆ ಎಂಬುದಕ್ಕೆ ಪುರಾವೆ ಏನು? ಪುರಾವೆ ಕೊಟ್ಟರೆ ಮೊದಲನೆಯ ಪಾಠಕ್ಕೆ ಜನ ಉಳಿಯುವುದಿಲ್ಲ. ಕೊಡದಿದ್ದರೆ ಎರಡನೆಯದಕ್ಕೆ ಮಂಜೂರಿ ಇಲ್ಲ. ಈ ಪತ್ರವ್ಯವಹಾರ ಇಂದಿಗೂ ಸೌಹಾರ್ದದಿಂದ ನಡೆದಿದೆ.

ಇನ್ನು ಅಂಬಾಬಾಯಿಯ ವಿಷಯ.

ಅಂಬಾಬಾಯಿ ಭೀಮಣ್ಣನ ನಾದಿನಿ. ಐವತ್ತರ ಹತ್ತಿರದ ಹೆಂಗಸು, ಹಗಲೆಲ್ಲ ಇಟ್ಟಿಗೆ ಹೊತ್ತರೂ ಬೆನ್ನು ನೆಟ್ಟಗೆ. ಎಂಟು ವರ್ಷವೂ ಒಂದು ಗುರುವಾರ ತಪ್ಪಿಸಿದವಳಲ್ಲ. ಮೊದಲ ಸಾಲಿನ ಮೊದಲ ಜಾಗ ಅವಳದು. ಬೆರಗಿನಿಂದ ನೋಡುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ೨೦೦೧ರ ಜನವರಿಯಲ್ಲಿ ಒಂದು ದಿನ ಮರೆವಿನ ವಿರಾಮದಲ್ಲಿ ಚಹಾದ ಬಟ್ಟಲು ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದು ನಿಂತಳು.

“ಅಪ್ಪಾವ್ರ, ಈ ಗರಗಸದ ಮುಂದಿಂದು ಯಾವಾಗರಿ?”

“ಮಂಜೂರಿ ಬಂದಿಲ್ಲವ್ವ.”

“ಐದು ಅಕ್ಷರ ಆಗ್ಯಾವ. ಇನ್ನ ಎಷ್ಟು ಅದಾವರಿ?”

ನಾನು ಅತ್ತಿತ್ತ ನೋಡಿದೆ. “ಅಂಬವ್ವ, ಐದು ಆಗ್ಯಾವ ಅಂತ ಜೋರಲೆ ಅನಬ್ಯಾಡ. ನೀ ಮರೀಬೇಕು.”

“ಮರೀಲಾಕ ಭಾಳ ನೋಡೀನ್ರಿ. ಆಗವಲ್ದು” ಎಂದಳು ಅಪರಾಧಿಯ ಹಾಗೆ.

ಯಾಕೆ ಬೇಕು ಉಳಿದ ಅಕ್ಷರ ಎಂದು ಕೇಳಿದೆ. ಆಗ ಅವಳು ಹೇಳಿದ್ದು ಇದು. ಗುಡ್ಡದ ಶೆಡ್ಡುಗಳಲ್ಲಿ ಪ್ರತಿ ಶ್ರಾವಣಕ್ಕೆ ಪುರಾಣ ಹಚ್ಚುತ್ತಾರೆ. ಓದುವವನು ಜಟ್ಟೆಪ್ಪ, ಅಲ್ಲಿಯ ಮುಕಾದಮ, ಅಂದರೆ ಕೂಲಿಯವರ ಮೇಸ್ತ್ರಿ, ಅಷ್ಟೂ ಜನರಲ್ಲಿ ಅಕ್ಷರ ಬಲ್ಲವನು ಅವನೊಬ್ಬನೇ. ಅವನಿಗೆ ಓದು ಬರುತ್ತದೆ ಎಂಬ ಕಾರಣಕ್ಕೇ ನಾನು ಅವನನ್ನು ಇಪ್ಪತ್ತರಲ್ಲಿ ಸೇರಿಸಿಕೊಂಡಿರಲಿಲ್ಲ. ಪುರಾಣದಲ್ಲಿ ಒಬ್ಬ ಶರಣೆ. ಅತ್ತೆ ಅವಳನ್ನು ಮಳೆಯ ರಾತ್ರಿ ಕೈಯಲ್ಲಿ ದೀಪ ಕೊಟ್ಟು ಮನೆಯ ಹೊರಗೆ ಹಾಕುತ್ತಾಳೆ. ಅಲ್ಲಿಗೆ ಬರುತ್ತಲೇ ಜಟ್ಟೆಪ್ಪ ಪುಸ್ತಕ ಮುಚ್ಚಿ, ಕಣ್ಣಿಗೆ ಒತ್ತಿಕೊಂಡು, “ಉಳಿದದ್ದು ಮುಂದಿನ ವರ್ಷ” ಎನ್ನುತ್ತಾನೆ. ಮುಂದಿನ ವರ್ಷ ಮತ್ತೆ ಮೊದಲಿನಿಂದ.

“ಮೂರು ವರ್ಷ ಆತ್ರಿ ಅಪ್ಪಾವ್ರ. ಅಕಿ ಮಳ್ಯಾಗ ಹೊರಗೇ ನಿಂತಾಳ. ನನಗ ನಿದ್ದಿ ಹತ್ತವಲ್ದು.”

ನನ್ನ ಕಣ್ಣಲ್ಲಿ ನೀರು ಬಂತು. “ತಾಯಿ, ಆ ಪುಸ್ತಕ ತಾ, ನಾ ಓದಿ ಹೇಳ್ತೀನಿ” ಎಂದೆ.

“ಬ್ಯಾಡ್ರಿ. ಒಬ್ಬರ ಬಾಯಿಲಿಂದ ಕೇಳಿ ಕೇಳಿ ಸಾಕಾಗ್ಯದ. ಅಕಿನ್ನ ನಾನೇ ಹೋಗಿ ಒಳಗ ಕರಕೊಂಡು ಬರ್ತೀನಿ.”

ಇಂಥ ಭಕ್ತಿಗೆ ನಿಯಮಾವಳಿಯಲ್ಲಿ ಅವಕಾಶವಿರಲಿಲ್ಲ. ನಾನು ಆ ರಾತ್ರಿ ದೇವರ ಮುಂದೆ ಕೂತು, ಅಕ್ಷರ ಕಲಿಯುವುದು ಪಾಪವೋ, ಮಂಜೂರಿಯಿಲ್ಲದೆ ಕಲಿಯುವುದು ಮಾತ್ರ ಪಾಪವೋ ಎಂದು ಕೇಳಿದೆ. ಉತ್ತರ ಮುಂದಿನ ಗುರುವಾರ ಸ್ನೇಹಲ್ ಎಂಬ ಹೆಸರಿನಲ್ಲಿ ಬಂತು.

ಸ್ನೇಹಲ್ ಆ ವರ್ಷದ ಪ್ರಶಿಕ್ಷಣಾರ್ಥಿ. ಬಿಬವೇವಾಡಿ ಮಾರ್ಕೆಟ್ಟಿನ ಕಿರಾಣಿ ವ್ಯಾಪಾರಿಯ ಮಗಳು. ಪುಣೆಯಲ್ಲೇ ಹುಟ್ಟಿದ್ದರಿಂದ ಅವಳ ಕನ್ನಡ ಅರ್ಧ ದಾರಿಗೆ ಬಂದು ಮರಾಠಿ ಬಸ್ಸು ಹತ್ತುತ್ತಿತ್ತು. ಮೊದಲ ಪಾಠದಲ್ಲೇ ಒತ್ತಿ ಬರೆದು ಖಡು, ಅಂದರೆ ಸೀಮೆಸುಣ್ಣ, ಮುರಿದಳು. ವಿರಾಮದಲ್ಲಿ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದವಳ ಪಕ್ಕಕ್ಕೆ ಅಂಬಾಬಾಯಿ ಹೋಗಿ ಕೂತಳು.

“ಫಲಕಕ್ಕ ಬರಿಯೂ ಮುಂದ ನಮಗ ಬೆನ್ನು ತೋರಿಸಬ್ಯಾಡ ತಂಗಿ, ಅಡ್ಡ ನಿಂದ್ರು. ಅದಕ್ಕ ಎರಡು ಮಾರ್ಕು ಅದಾವ.”

ಸ್ನೇಹಲ್ ಮೂಗು ಒರೆಸಿಕೊಂಡು ನೋಡಿದಳು. “ತುಮ್ಹಾಲಾ... ಅಂದ್ರ, ನಿಮಗ ಹ್ಯಾಂಗ ಗೊತ್ತು ಮಾವಶಿ?”

“ನಾನೂರ ಐವತ್ತು ಪಾಠ ಕೇಳೀನಿ. ಗರಗಸ ತಗದ ಕೂಡಲೆ ಮಾತಾಡಬ್ಯಾಡ. ತೋರಿಸಿ ಸುಮ್ಮ ನಿಂದ್ರು. ನಾ ಬೆರಗಾಗ್ತೀನಿ. ನಾ ಬೆರಗಾಗೂತನ ತಡಿ. ಆಮ್ಯಾಲ ‘ಇದೇನು’ ಅನ್ನು. ಹೋದ ವರ್ಷದ ಹುಡುಗ ತಡೀಲೇ ಇಲ್ಲ, ಸೆಕೆಂಡ್ ಕ್ಲಾಸು ಬಂತು.”

“ಅಗ್ಗೋಬಾಯಿ! ಮತ್ತ ಕೊನೀಗೆ ಸಾರಾಂಶ?”

“ಸಾರಾಂಶ ಹೇಳೂ ಮುಂದ ನಗಬೇಕು. ಅದಕ್ಕೂ ಒಂದು ಮಾರ್ಕು.”

ಅಂದಿನಿಂದ ಒಂದು ವ್ಯವಸ್ಥೆ ಜಾರಿಗೆ ಬಂತು. ಮರೆವಿನ ವಿರಾಮದ ಮೊದಲ ಹತ್ತು ನಿಮಿಷ ಅಂಬಾಬಾಯಿ ಸ್ನೇಹಲ್‌ಗೆ ಪಾಠ ಮಾಡುವುದನ್ನು ಕಲಿಸುವುದು, ಉಳಿದ ಹತ್ತು ನಿಮಿಷ ಸ್ನೇಹಲ್ ಅಂಬಾಬಾಯಿಗೆ ಅಕ್ಷರ ಕಲಿಸುವುದು. ಮಾರ್ಕೆಟ್ಟಿನ ಅಂಗಡಿಯ ಪೊಟ್ಟಣದ ಕಾಗದವೇ ಪುಸ್ತಕ. ಒಂದು ದಿನ ಅಂಬಾಬಾಯಿ ಬೆಲ್ಲದ ಪೊಟ್ಟಣ ಓದಿ ಮುಗಿಸಿ, “ಇದರಾಗ ಕಥಿ ಇಲ್ಲಲ್ಲ” ಎಂದು ಬೇಸರ ಮಾಡಿಕೊಂಡಳಂತೆ. ಮೆಟ್ಟಿಲ ಮೇಲೆ ಇದು ನಡೆಯುವಾಗ ನಾನು ಬಾಗಿಲಿಗೆ ಬೆನ್ನು ಮಾಡಿ ನಿಂತು ಜಪ ಮಾಡುತ್ತಿದ್ದೆ. ಜಪದ ವೇಳೆ ಕಣ್ಣು ಮುಚ್ಚಿರುತ್ತದೆ, ಆದ್ದರಿಂದ ನಾನು ಏನನ್ನೂ ನೋಡಿಲ್ಲ. ವಿಚಾರಣೆಯಲ್ಲೂ ಹಾಗೆಯೇ ಹೇಳಿದೆ.

ಏಪ್ರಿಲ್ ಪರೀಕ್ಷೆ ಎಂದಿನಂತೆ ಆಗಸ್ಟ್‌ನಲ್ಲಿ ನಡೆಯಿತು. ಶ್ರಾವಣದ ಎರಡನೆಯ ಗುರುವಾರ ಸ್ನೇಹಲ್‌ಳ ಕೊನೆಯ ಪಾಠ, ನಮ್ಮ ಲೆಕ್ಕದಲ್ಲಿ ನಾಲ್ಕುನೂರ ಎಂಬತ್ತನೆಯದು. ಬಾಹ್ಯ ಪರೀಕ್ಷಕರಾಗಿ ಪ್ರೊಫೆಸರ್ ಪಂಢರಿನಾಥ ಬಂದರು. ಅವರಿಗೆ ಕನ್ನಡ ಬಾರದು. ಶಿಕ್ಷಣಶಾಸ್ತ್ರಕ್ಕೆ ಭಾಷೆಯ ಹಂಗಿಲ್ಲವಾದ್ದರಿಂದ ಇದು ಅಡ್ಡಿಯಾಗಲಿಲ್ಲ. ಬಲಗಡೆಯ ಉತ್ತರಗಳನ್ನು ಅವರಿಗೆ ಮರಾಠಿ ಲಿಪಿಯಲ್ಲಿ ಬರೆದು ಕೊಡಲಾಗಿತ್ತು. ಕಿವಿಗೆ ಬಿದ್ದದ್ದು ಹಾಳೆಯಲ್ಲಿದ್ದರೆ ಸರಿ ಗುರುತು ಹಾಕುವುದಷ್ಟೇ.

ಪಾಠ ಬಹಳ ಚೆನ್ನಾಗಿ ನಡೆಯಿತು. ಗರಗಸ ಹೊರಬಂತು. ಅಂಬಾಬಾಯಿ ಬೆರಗಾದಳು. ಸ್ನೇಹಲ್ ಅವಳು ಬೆರಗಾಗುವವರೆಗೆ ತಡೆದಳು. ಭೀಮಣ್ಣ ಹೆಬ್ಬೆರಳನ್ನು ಅಂಗೈಯೊಳಗೆ ಮುಚ್ಚಿಕೊಂಡು “ಇದು ಗರಗಸ” ಎಂದ. ಪಂಢರಿನಾಥರ ಪೆನ್ನು ಸರಿ ಗುರುತು ಹಾಕುತ್ತಲೇ ಹೋಯಿತು. ಆಗ ಸ್ನೇಹಲ್‌ಳ ಸೆರಗು ತಾಗಿ ಗರಗಸ ಮೇಜಿನಿಂದ ಬಿದ್ದು, ಇಡೀ ಕೋಣೆ ಝಂಯ್ ಎಂದಿತು. ಆ ಸದ್ದಿಗೆ ಹುಡುಗಿ ಬೆಚ್ಚಿ, ಮುಂದಿನದೆಲ್ಲ ಮರೆತುಬಿಟ್ಟಳು. ಮರೆಯಬೇಕಾದವರು ಬೇರೆ, ಮರೆತವರು ಬೇರೆ. ಅರ್ಧ ನಿಮಿಷ ಕಳೆಯಿತು. ಪಂಢರಿನಾಥ ಗಡಿಯಾರ ನೋಡಿಕೊಂಡರು. ಮತ್ತೆ ಅರ್ಧ ನಿಮಿಷ.

ಮೇಜಿನ ಮೇಲೆ ಪಾಠಟಾಚಣ ತೆರೆದಿತ್ತು. ಅಂಬಾಬಾಯಿ ಮೊದಲ ಸಾಲಿನಿಂದ ಕತ್ತು ಚಾಚಿ, ತಲೆಕೆಳಗಾಗಿದ್ದ ಆ ಕೈಬರಹವನ್ನು ನೋಡಿ, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು:

“ತಂಗಿ, ‘ಈಗ ಸಾರಾಂಶ ಹೇಳುವೆನು, ಎಲ್ಲರೂ ಗಮನವಿಟ್ಟು ಕೇಳಿರಿ’ ಅಂತ ಬರದೀದಿ ನೋಡು.”

ಸ್ನೇಹಲ್‌ಗೆ ಜೀವ ಬಂತು. ನಕ್ಕಳು, ಸಾರಾಂಶ ಹೇಳಿದಳು, ಪಾಠ ಮುಗಿಯಿತು. ಪಂಢರಿನಾಥ ಹಾಳೆ ತಿರುವಿ ಹಾಕುತ್ತ, “ಹೇ ಕುಠೇ ಆಹೇ?” ಎಂದು, ಆ ಉತ್ತರ ಬಲಗಡೆ ಎಲ್ಲಿದೆ ಎಂದು ಹುಡುಕುತ್ತಿದ್ದರು. ಡಾಕ್ಟರ್ ಬಿಂದುಮಾಧವ ಮಾತ್ರ ಹುಡುಕಲಿಲ್ಲ. ಅವರು ಎರಡೂ ಕೈಯಿಂದ ಬೆಂಚು ಹಿಡಿದುಕೊಂಡಿದ್ದರು.

“ಕೈಬರಹ!” ಎಂದರು. “ಅದೂ ತಲೆಕೆಳಗ!”

ಅದೇ ಮಧ್ಯಾಹ್ನ ವಿಚಾರಣಾ ಸಮಿತಿ ಕೂತಿತು. ಅಧ್ಯಕ್ಷರು ಡಾಕ್ಟರ್ ಬಿಂದುಮಾಧವ, ಸದಸ್ಯರು ಪಂಢರಿನಾಥ, ಬರೆದುಕೊಳ್ಳುವವನು ನಾನು. ಪರಿಸ್ಥಿತಿ ಗಂಭೀರವಾಗಿತ್ತು. ಅಂಬಾಬಾಯಿಗೆ ಓದಲು ಬರುತ್ತದೆ ಎಂದಾದರೆ ಪೂರ್ವಜ್ಞಾನ ಶೂನ್ಯವಲ್ಲ. ಪೂರ್ವಜ್ಞಾನ ಶೂನ್ಯವಲ್ಲದಿದ್ದರೆ ಸ್ನೇಹಲ್‌ಳ ಪಾಠ ರದ್ದು. ಎಂದಿನಿಂದ ಬರುತ್ತದೆ ಎಂದು ಗೊತ್ತಾಗದಿದ್ದರೆ ಹಿಂದಿನ ನಾಲ್ಕುನೂರ ಎಪ್ಪತ್ತೊಂಬತ್ತೂ ರದ್ದು. ಆ ಪಾಠಗಳಿಂದ ಪಾಸಾದವರಲ್ಲಿ ಇಬ್ಬರು ಆಗಲೇ ಪ್ರಾಚಾರ್ಯರಾಗಿದ್ದರು.

“ನಿನಗೆ ಯಾರು ಕಲಿಸಿದರು?” ಎಂದು ಅಧ್ಯಕ್ಷರು ಕೇಳಿದರು.

ಅಂಬಾಬಾಯಿ ಬಾಗಿಲ ಬಳಿ ನಿಂತಿದ್ದ ಸ್ನೇಹಲ್‌ಳನ್ನು ನೋಡಲಿಲ್ಲ. “ಯಾರೂ ಇಲ್ರಿ. ಇಲ್ಲಿ ಕಲಿಸೂದಿಲ್ಲ ಅಂತ ನೀವೇ ಹೇಳೀರಲ್ರಿ.”

ಅಧ್ಯಕ್ಷರು ತಲೆಯಾಡಿಸಿ ಬರೆದುಕೊಳ್ಳುವಂತೆ ನನಗೆ ಹೇಳಿದರು. ಅದು ವಿಭಾಗದ ಧೋರಣೆಗೆ ಅನುಗುಣವಾಗಿತ್ತು.

ಆದರೂ ನಿಯಮ ನಿಯಮವೇ. ಏಳನೆಯ ನಿಯಮದ ಪ್ರಕಾರ, ಅಕ್ಷರ ಬಂದಿರುವುದು ಕಂಡುಬಂದ ಕಲಿಕಾರ್ಥಿ ತೊಂಬತ್ತು ದಿನ ಯಾವುದೇ ಲಿಪಿಯ ಸಂಪರ್ಕಕ್ಕೆ ಬಾರದೆ ವಿಶೇಷ ಮರೆವಿನ ಅವಧಿಯಲ್ಲಿರಬೇಕು. ಆ ಅವಧಿಯಲ್ಲಿ ಪುಸ್ತಕ ಮುಟ್ಟಿದರೆ ಇಪ್ಪತ್ತೂ ಜನರ ಗುಂಪು ರದ್ದು. ಅಧ್ಯಕ್ಷರು ಇದನ್ನು ಓದಿ ಹೇಳಿದಾಗ ಅಂಬಾಬಾಯಿ ಬೆರಳು ಮಡಿಸಿ ಎಣಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಪ್ಪಾವ್ರ, ತೊಂಬತ್ತು ದಿನದಾಗ ಶ್ರಾವಣ ಮುಗೀತದಲ್ರಿ.”

“ಹೌದವ್ವ.”

“ಮತ್ತ ಅಕಿ?”

ನಾನು ಮೇಜಿನ ಕೆಳಗೆ ಕೈಜೋಡಿಸಿದೆ. ತಂದೆ, ಇಪ್ಪತ್ತೆರಡು ವರ್ಷ ನಿನ್ನ ವಿಭೂತಿಯನ್ನು ಈ ಕಚೇರಿಯ ದಫ್ತರಕ್ಕೆ ಹಚ್ಚಿದ್ದೇನೆ, ಎಲ್ಲಾದರೂ ಒಂದು ಕಡೆ ದಾರಿ ಇಟ್ಟಿರು, ಎಂದು ಬೇಡಿಕೊಂಡೆ. ಕಣ್ಣು ತೆರೆದಾಗ ಎದುರಿಗೆ ನಮೂನೆ ‘ಕ’ ಬಿದ್ದಿತ್ತು. ಹೊಸ ಕಲಿಕಾರ್ಥಿ ಸೇರುವಾಗ ತುಂಬುವ ಪ್ರಮಾಣಪತ್ರ. ೧೯೯೩ರಲ್ಲಿ ಅವಸರಕ್ಕೆ ಯಾರೂ ಅದನ್ನು ತುಂಬಿಸಿರಲಿಲ್ಲ.

“ಸಾಹೇಬ್ರ,” ಎಂದೆ, “ಅಂಬಾಬಾಯಿಯ ಮೂಲ ಪ್ರಮಾಣಪತ್ರಾನೇ ದಫ್ತರದಾಗ ಇಲ್ರಿ. ಮೊದಲು ಅದು ಆಗ್ಬೇಕು. ಅಕಿಗೆ ಓದು ಬರಹ ಬರೂದಿಲ್ಲ ಅಂತ ಕಾಗದ ಇಲ್ಲದ ಮ್ಯಾಲೆ, ಬರ್ತದ ಅಂತ ಆರೋಪ ಹ್ಯಾಂಗ ಹೊರಸೂದು?”

ಡಾಕ್ಟರ್ ಬಿಂದುಮಾಧವ ಇದನ್ನು ಪಂಢರಿನಾಥರಿಗೆ ಮರಾಠಿಯಲ್ಲಿ ತಿಳಿಸಿದರು. ಪಂಢರಿನಾಥರು “ಬರೋಬರ್” ಎಂದರು. ನಾನು ನಮೂನೆ ಮುಂದಿಟ್ಟೆ. ಅದರ ಒಕ್ಕಣೆ ಹೀಗಿದೆ:

“ಕೆಳಗೆ ಸಹಿ ಮಾಡಿರುವ ನಾನು, ಮೇಲಿನ ನಿಯಮಗಳನ್ನೆಲ್ಲ ಸ್ವತಃ ಓದಿ ತಿಳಿದುಕೊಂಡು, ನನಗೆ ಓದಲು ಹಾಗೂ ಬರೆಯಲು ಬರುವುದಿಲ್ಲವೆಂದು ಈ ಮೂಲಕ ಸ್ವಹಸ್ತದಿಂದ ಬರೆದು ಕೊಡುತ್ತೇನೆ.”

ಹೆಬ್ಬೆಟ್ಟು ನಡೆಯುವುದಿಲ್ಲ. ಹಿಂದೊಮ್ಮೆ ಹಾಜರಿಪಟ್ಟಿಯಲ್ಲಿ ಇಪ್ಪತ್ತು ಹೆಸರಿನ ಮುಂದೆ ಭೀಮಣ್ಣನ ಹೆಬ್ಬೆಟ್ಟೇ ಬಿದ್ದಿದ್ದರಿಂದ ಲೆಕ್ಕಪರಿಶೋಧಕರು ಆಕ್ಷೇಪ ಎತ್ತಿದ್ದರು.

ಅಂಬಾಬಾಯಿ ಕುರ್ಚಿಯ ತುದಿಯಲ್ಲಿ ಕೂತು ನಮೂನೆಯನ್ನು ಬೆರಳಿಟ್ಟು ಓದಿದಳು. ‘ಸ್ವಹಸ್ತ’ದ ಹತ್ತಿರ ಒಂದು ಕ್ಷಣ ತಡೆದಳು. ಒತ್ತಕ್ಷರಗಳನ್ನು ಸ್ನೇಹಲ್ ಇನ್ನೂ ಅರ್ಧಕ್ಕೇ ತಂದಿದ್ದಳು. ಸ್ನೇಹಲ್ ಬಾಗಿಲಲ್ಲಿ ತುಟಿಯಾಡಿಸಿದಳು, ಅಂಬಾಬಾಯಿ ದಾಟಿದಳು. ಆಮೇಲೆ ಪೆನ್ನು ತೆಗೆದುಕೊಂಡು, ನಾಲಗೆಯನ್ನು ಹಲ್ಲಿನ ನಡುವೆ ಹಿಡಿದು, ದುಂಡಗೆ ಬರೆದಳು: ‘ನನಗೆ ಓದಲು ಬರೆಯಲು ಬರುವುದಿಲ್ಲ. ಅಂಬಾಬಾಯಿ.’

“ಪೆನ್ನು ಚಂದ ಅದರಿ” ಎಂದು ಹಿಂದಕ್ಕೆ ಕೊಟ್ಟಳು.

ಡಾಕ್ಟರ್ ಬಿಂದುಮಾಧವ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಸಹಿ ಇತ್ತು, ದಿನಾಂಕ ಇತ್ತು, ಸಾಕ್ಷಿ ನಾನಿದ್ದೆ. ಅವರು ಉಸಿರು ಬಿಟ್ಟರು. “ಅಲ್ಲಿಗೆ ಆತು. ಇವರಿಗೆ ಓದಲು ಬರೂದಿಲ್ಲ.”

“ಹಂಗಾದ್ರ ಸಾಹೇಬ್ರ,” ಎಂದೆ, “ಏಳನೇ ನಿಯಮ ಓದು ಬಂದವರಿಗೆ. ಓದಲಿಕ್ಕೆ ಬರದವರಿಗ ಓದಬ್ಯಾಡ ಅಂತ ಹೇಳೋ ನಿಯಮ ನಮ್ಮಲ್ಲಿ ಇಲ್ರಿ.”

“ಹೇಳೋ ಅಗತ್ಯನೂ ಇಲ್ಲ” ಎಂದು ಅವರು ಷರಾ ಬರೆದರು.

ಇನ್ನು ಉಳಿದದ್ದು, ಪಾಠದ ನಡುವೆ ಅವಳು ಹೇಳಿದ ಆ ವಾಕ್ಯ. ಓದಲು ಬಾರದ ಹೆಂಗಸು ಹೇಳಿದ್ದಾದ್ದರಿಂದ ಅದು ಓದು ಆಗಿರಲು ಸಾಧ್ಯವಿರಲಿಲ್ಲ. ಹಾಗಾದರೆ ಏನು? ಪಂಢರಿನಾಥ ಮೌಲ್ಯಮಾಪನ ಪಟ್ಟಿಯ ಕೊನೆಗೆ ಹೋಗಿ, ಎಂಟು ವರ್ಷದಿಂದ ಖಾಲಿಯಿದ್ದ ಒಂದು ಕಲಮು ಕಂಡುಹಿಡಿದರು: ‘ಕಲಿಕಾರ್ಥಿಗಳ ಸ್ವಯಂಪ್ರೇರಿತ ಸಹಭಾಗ — ಐದು ಅಂಕ.’ ಯಾರಿಗೂ ಅದನ್ನು ಯಾಕೆ ಇಟ್ಟಿದ್ದಾರೆಂದು ಗೊತ್ತಿರಲಿಲ್ಲ. ಐದಕ್ಕೆ ಐದು ಬಿದ್ದು ಸ್ನೇಹಲ್‌ಗೆ ಫರ್ಸ್ಟ್ ಕ್ಲಾಸ್ ಬಂತು. ಹುಡುಗಿ ಅಂಬಾಬಾಯಿಯ ಕಾಲು ಮುಟ್ಟಲು ಬಾಗಿದಾಗ ಅಧ್ಯಕ್ಷರು, “ಕಲಿಕಾರ್ಥಿಗಳ ಕಾಲು ಮುಟ್ಟುವ ಪದ್ಧತಿ ಇಲ್ಲ” ಎಂದರು. ಸ್ನೇಹಲ್ ಚಪ್ಪಲಿ ಸರಿಮಾಡಿಕೊಳ್ಳುತ್ತಿರುವುದಾಗಿ ಹೇಳಿ ಮುಟ್ಟಿದಳು.

ಶ್ರಾವಣದ ಕೊನೆಯ ಸೋಮವಾರ ಸಂಜೆ ಗುಡ್ಡದ ಮೇಲೆ ಪುರಾಣ. ವಿಭಾಗದ ಪರವಾಗಿ ಡಾಕ್ಟರ್ ಬಿಂದುಮಾಧವರನ್ನು ಮುಖ್ಯ ಅತಿಥಿಯೆಂದು ನಾನೇ ಕರೆದುಕೊಂಡು ಹೋದೆ. ತಗಡಿನ ಶೆಡ್ಡಿನ ಮುಂದೆ ತಾಡಪತ್ರಿ ಹಾಸಿದ್ದರು, ಊದುಬತ್ತಿ ಹಚ್ಚಿದ್ದರು. ಜಟ್ಟೆಪ್ಪ ಪೇಟಾ ಸುತ್ತಿಕೊಂಡು, ಪುಸ್ತಕಕ್ಕೆ ಹೂವೇರಿಸಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಶರಣೆ ಬಂದಳು, ಅತ್ತೆ ಬಂದಳು, ಮಳೆ ಬಂತು. ದೀಪ ಕೈಗೆ ಬಂತು. ಜಟ್ಟೆಪ್ಪ ಪುಸ್ತಕ ಮುಚ್ಚಿ ಕಣ್ಣಿಗೆ ಒತ್ತಿಕೊಂಡ.

“ಉಳಿದದ್ದು ಮುಂದಿನ—”

“ಇತ್ತ ಕೊಡು” ಎಂದಳು ಅಂಬಾಬಾಯಿ.

“ಏ, ನಿನಗೇನು ತಿಳೀತದ?”

“ನನಗೇನೂ ತಿಳಿಯೂದಿಲ್ಲ. ಕಾಗದ ಆಗ್ಯದ. ಕೊಡು.”

ಪುಸ್ತಕ ಕೈಬದಲಾಯಿತು. ಅವಳು ಹಾಳೆ ತಿರುವಿ ಬೆರಳಿಟ್ಟಳು. ಶೆಡ್ಡುಗಳ ಕಡೆ ಯಾರದೋ ರೇಡಿಯೋ ಹಾಡುತ್ತಿದ್ದುದನ್ನು ಭೀಮಣ್ಣ ಹೋಗಿ ಬಂದ್ ಮಾಡಿಸಿದ. ಅಂಬಾಬಾಯಿ ಓದಿದಳು, ನಿಧಾನ, ಇಟ್ಟಿಗೆ ಒಂದರ ಮೇಲೊಂದು ಇಟ್ಟಂತೆ:

“ಆ ಶರಣೆಯು... ಮೂರು ಜಾವ ಮಳೆಯಲ್ಲಿ ನಿಂತು... ನಾಲ್ಕನೆಯ ಜಾವದಲ್ಲಿ ಶಿವನನ್ನು ನೆನೆದು... ಕದವನ್ನು ಮೆಲ್ಲನೆ ನೂಕಲು... ಕದವು ತೆರೆಯಿತು. ಅದಕ್ಕೆ ಅಗಳಿಯನ್ನೇ ಹಾಕಿರಲಿಲ್ಲ.”

ಮೊದಲು ಬಾಯಿಬಿಟ್ಟವನು ಭೀಮಣ್ಣ.

“ಎಲೇ ಜಟ್ಟೆಪ್ಪ! ಬಾಗಿಲಾ ತೆರದೇ ಇತ್ತಂತ! ಆ ಹೆಣ್ಣುಮಗಳನ್ನ ಮೂರು ವರ್ಷ ಸುಮ್ಮನ ತೋಯಿಸಿದೆಲ್ಲೋ!”

ಜನ ಬಿದ್ದು ಬಿದ್ದು ನಕ್ಕರು. ಜಟ್ಟೆಪ್ಪ ಪೇಟಾ ತೆಗೆದು ತೊಡೆಯ ಮೇಲಿಟ್ಟುಕೊಂಡ. “ನಮ್ಮಜ್ಜ ಅಲ್ಲಿತನಾನೇ ಹೇಳಿಕೊಟ್ಟು ಸತ್ತ. ಪುಸ್ತಕ ಅವಂದು, ಹಿಡಕೋಬೇಕು ಅಂತ ಹಿಡಕೋತಿದ್ದೆ. ನನಗ ಒಂದು ಅಕ್ಷರನೂ ಬರೂದಿಲ್ಲ” ಎಂದ. ಅಂಬಾಬಾಯಿ ಅವನ ಮುಂದೆ ಪ್ರಸಾದದ ತಟ್ಟೆ ಸರಿಸಿದಳು. “ಇರಲಿ ಬಿಡಪ. ಬಾಗಿಲತನಾ ಕರಕೊಂಡು ಬಂದವ ನೀನೇ ಅಲ್ಲ” ಎಂದಳು. ಅವಳ ಮುಖವನ್ನು ನೋಡಿದೆ. ಆ ರಾತ್ರಿ ನಿದ್ದೆ ಹತ್ತುವುದು ಖಂಡಿತವಿತ್ತು.

ಡಾಕ್ಟರ್ ಬಿಂದುಮಾಧವ ಕೈಗೆ ಬಂದ ಪ್ರಸಾದದ ಸಜ್ಜಕವನ್ನು ಮರೆತು ಕೂತಿದ್ದರು. ನಾನು ಹೆದರಿದೆ. ಅವರು ನನ್ನ ಕಡೆ ವಾಲಿ ಪಿಸುಗುಟ್ಟಿದರು:

“ಎಂಥಾ ನೆನಪಿನ ಶಕ್ತಿ ನೋಡ್ರಿ ನಿಜಲಿಂಗಪ್ಪ! ಒಂದು ಅಕ್ಷರ ಬರದ ಹೆಂಗಸು, ಇಡೀ ಪುರಾಣ ಬಾಯಿಪಾಠ. ಹಾಳಿ ಸುದ್ದಾ ಸರಿಯಾದ ಜಾಗಾದಾಗ ತಿರುವ್ಯಾಳ.”

“ಶಿವನ ದಯಾ ಸಾಹೇಬ್ರ.”

“ಇದರ ಮ್ಯಾಲೆ ಒಂದು ಪ್ರಬಂಧ ಬರೀಬೇಕು” ಎಂದು ಡೈರಿ ತೆಗೆದರು. ಆಮೇಲೆ ಜಟ್ಟೆಪ್ಪನನ್ನು ಕರೆದು, ಒಂದು ಅಕ್ಷರವೂ ಬರುವುದಿಲ್ಲವೆಂಬುದು ನಿಜವೇ ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ಅವನ ಹೆಸರು ಈಗ ಇಪ್ಪತ್ತೊಂದನೆಯದು. ನಮೂನೆ ‘ಕ’ಕ್ಕೆ ಸಹಿ ಮಾಡಲು ಅವನಿಗೆ ಬಾರದ್ದರಿಂದ ಪ್ರವೇಶ ತಾತ್ಕಾಲಿಕ. ಸಹಿ ಮಾಡುವುದನ್ನು ಮೆಟ್ಟಿಲ ಮೇಲೆ ಅಂಬಾಬಾಯಿ ಕಲಿಸುತ್ತಿದ್ದಾಳೆ ಎಂದು ಕೇಳಿದ್ದೇನೆ. ನೋಡಿಲ್ಲ, ಅದು ನನ್ನ ಜಪದ ವೇಳೆ.

ಮುಂದಿನ ಗುರುವಾರ ಹೊಸ ಪ್ರಶಿಕ್ಷಣಾರ್ಥಿ ಬಂದ. ನಾನು ಹಾಜರಿಪಟ್ಟಿಗೆ ವಿಭೂತಿ ಹಚ್ಚಿ ಗಂಟೆ ಬಾರಿಸಿದೆ. ಅವನು ಚೀಲದಿಂದ ಗರಗಸ ತೆಗೆದು ಮಾತಾಡಲು ಬಾಯಿ ತೆರೆದ. ಮೊದಲ ಸಾಲಿನಿಂದ ಅಂಬಾಬಾಯಿ ಬೆರಳೆತ್ತಿ ತಡಿ ಎಂದು ಸನ್ನೆ ಮಾಡಿದಳು. ಅವನು ತಡೆದ. ಅವಳು ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಬೆರಗಾದಳು.